ಸೇಬಿನ ಬುಟ್ಟಿಯಲ್ಲಿ ಹೋದವಳು

ಮಾರ್ಚ್ ೪, ೨೦೧೯, ಸೋಮವಾರ. ವೋಲೋಸ್

ಇವತ್ತೂ ಕುಳಿತದ್ದು ದಂಡ. ಅಮ್ಮನ ಬಾಯಿಂದ ಉಪಯೋಗಕ್ಕೆ ಬರುವ ಒಂದು ವಾಕ್ಯ ಹೊರಡಲಿಲ್ಲ.

ಫೆಬ್ರವರಿಯಲ್ಲಿ ಅಮ್ಮನಿಗೆ ಸಣ್ಣದಾಗಿ ಪಾರ್ಶ್ವವಾಯು ಬಡಿದಾಗ ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದರು: "ಈ ಸಲ ಎಡಗೈ ಮಾತ್ರ. ಮುಂದಿನ ಸಲ ಮಾತೇ ಹೋಗಬಹುದು." ಅದಕ್ಕೇ ಈ ಅವಸರ. ಜರ್ಮನರ ಕಾಲದಲ್ಲಿ ಬೆಟ್ಟದ ಹಳ್ಳಿಗಳಲ್ಲಿ ಅಡಗಿ ಬದುಕಿದ ನಮ್ಮ ಯಹೂದಿ ಮಕ್ಕಳ ಪೈಕಿ ಈ ಊರಿನಲ್ಲಿ ಈಗ ಉಳಿದಿರುವವಳು ಅಮ್ಮ ಒಬ್ಬಳೇ. ಮೇ ಒಂದರ ಸಂಜೆ ನಮ್ಮ ಪ್ರಾರ್ಥನಾ ಮಂದಿರದಲ್ಲಿ, ಸಿನಗಾಗ್‌ನಲ್ಲಿ, ಆಗ ಮಡಿದವರ ಸ್ಮರಣೆ ನಡೆಯುತ್ತದೆ. ಅಮ್ಮನ ಕಥೆಯನ್ನು ಬರೆದು ಓದಬೇಕೆಂದು ಹೆಂಗಸರ ಮಂಡಳಿಯವರು ಕೇಳಿದ್ದಾರೆ. ಓದಿದ ಮೇಲೆ ಅದು ಶಾಶ್ವತವಾಗಿ ಅಲ್ಲೇ ಇರುತ್ತದೆ. ಯಾರನ್ನಾದರೂ ಕಳಿಸುತ್ತೇವೆ, ರೆಕಾರ್ಡ್ ಮಾಡಿಕೊಳ್ಳುತ್ತಾರೆ ಎಂದರು. ಬೇಡ ಎಂದೆ. ನಾನು ಹೈಸ್ಕೂಲು ಮುಗಿಸಿದವಳು, ಪ್ರಬಂಧದಲ್ಲಿ ತರಗತಿಗೇ ಮೊದಲು ಬಂದವಳು. ನನ್ನ ತಾಯಿಯ ಕಥೆಗೆ ಹೊರಗಿನವರ ಕೈ ಯಾಕೆ?

ಕಥೆಯೇನೂ ನನಗೆ ಗೊತ್ತಿಲ್ಲದ್ದಲ್ಲ. ಹಬ್ಬ ಹಬ್ಬಕ್ಕೂ ಊಟದ ಮೇಜಿನಲ್ಲಿ ಅದನ್ನು ಹೇಳುತ್ತ ಬಂದಿರುವವಳು ನಾನೇ. ಹಿಮ ಸುರಿಯುವ ರಾತ್ರಿ. ಬಟ್ಟೆ ವ್ಯಾಪಾರಿ ಅವ್ರಾಮ್ ಅಜ್ಜ ಎಂಟು ವರ್ಷದ ಮಗಳು ಬಿನೂತಾಳನ್ನು, ಅಂದರೆ ನನ್ನ ಅಮ್ಮನನ್ನು, ಹೆಗಲ ಮೇಲೆ ಹೊತ್ತು ಬೆಟ್ಟ ಹತ್ತುತ್ತಾನೆ. ಕಸ್ತಾನಿಯಾ ಹಳ್ಳಿಯಲ್ಲಿ ವಾಂಗೆಲಿಯೋ ಎಂಬ ಕ್ರೈಸ್ತ ಹೆಂಗಸು ಬಾಗಿಲು ತೆರೆಯುತ್ತಾಳೆ. ಮಗು ಒಂದು ವರ್ಷ ಹೆತ್ತವ್ವನಿಗಾಗಿ ಅಳುತ್ತದೆ. ಜರ್ಮನರು ಹೋದ ಮೇಲೆ, ಬೇರೆಡೆ ಅಡಗಿ ಬದುಕುಳಿದ ತಾಯಿ, ನಮ್ಮ ಲೂನಾ ಅಜ್ಜಿ, ಬಂದಾಗ ಓಡಿ ಹೋಗಿ ತಬ್ಬಿಕೊಳ್ಳುತ್ತದೆ. ಈ ಜಾಗಕ್ಕೆ ಬಂದಾಗಲೆಲ್ಲ ನನ್ನ ತಮ್ಮ ಅಲ್ಬೇರ್ ಕಣ್ಣೊರೆಸಿಕೊಳ್ಳುತ್ತಾನೆ. ಅಮ್ಮ ಮಾತ್ರ ಎದ್ದು ತಟ್ಟೆ ತೆಗೆಯಲು ಹೋಗುತ್ತಾಳೆ.

"ಆ ರಾತ್ರಿ ಹಿಮ ಎಷ್ಟು ಬಿದ್ದಿತ್ತಮ್ಮಾ?" ಎಂದು ಕೇಳಿದೆ.

"ನಿಂಗೇ ಗೊತ್ತಲ್ಲ."

"ನಿನ್ನ ಬಾಯಲ್ಲಿ ಬರಬೇಕು."

"ನನ್ನ ಬಾಯಿಗೆ ಈಗ ಬರಬೇಕಾಗಿರೋದು ಊಟ. ಏನು ಮಾಡಿದೀಯ ಇವತ್ತು?"

ಮಾರ್ಚ್ ೭, ಗುರುವಾರ

ಮಧ್ಯಾಹ್ನವೆಲ್ಲ ಕಸ್ತಾನಿಯಾದ ಮೇಕೆಯ ವಿಷಯ. ಮೇಕೆಯ ಹೆಸರು, ಮೇಕೆಯ ಬುದ್ಧಿ, ಮೇಕೆ ಪಾದ್ರಿಯ ಟೋಪಿ ತಿಂದದ್ದು. ಮೊಮ್ಮಗಳು ರೇನಾ ಔಷಧಿ ಅಂಗಡಿಯ ಕೆಲಸ ಮುಗಿಸಿ ಬಂದಿದ್ದಳು. ಮುತ್ತಜ್ಜಿಯ ಪಕ್ಕ ಮಂಚದ ಮೇಲೆ ಕಾಲು ಮಡಿಸಿ ಕುಳಿತು ಬಿದ್ದೂ ಬಿದ್ದೂ ನಗುತ್ತಿದ್ದಳು.

"ಹಳ್ಳೀಲಿ ನಿನ್ನನ್ನ ಏನಂತ ಕರೀತಿದ್ರು ನೋನಾ?" ಮುತ್ತಜ್ಜಿಯನ್ನು ಅವಳು ಕರೆಯುವುದು ಹಾಗೆ.

"ಗರಿಫಲ್ಯಾ. ಲಾರಿಸ್ಸಾ ಊರಿಂದ ಬಂದ, ವಾಂಗೆಲಿಯೋಳ ಅಣ್ಣನ ಮಗಳು ಅಂತ ಹೇಳಿದ್ರು. ಬಿನೂತಾ ಅಂತ ಯಾರಾದ್ರೂ ಕರೆದ್ರೆ ತಿರುಗಿ ನೋಡಬಾರದು. ಕರೆದೋರು ಕೆಟ್ಟೋರು."

ಇದೊಂದು ಬರೆದುಕೊಳ್ಳುವಂಥ ಮಾತು. ಬರೆದುಕೊಂಡೆ. ಅಷ್ಟರಲ್ಲಿ ಅಮ್ಮ, "ಹಿಮ ಎಲ್ಲಿತ್ತೇ? ಅದು ಅಕ್ಟೋಬರ್. ಚೆಸ್ಟ್‌ನಟ್ ಉದುರೋ ಕಾಲ" ಎಂದಳು.

ಪಾರ್ಶ್ವವಾಯು ಬಡಿದ ಮೇಲೆ ಅಮ್ಮನಿಗೆ ತಿಂಗಳುಗಳು ಕಲಸಿಹೋಗುತ್ತಿವೆ. ಹಿಮವನ್ನು ಹಾಗೇ ಉಳಿಸಿದ್ದೇನೆ.

ಮಾರ್ಚ್ ೧೨, ಮಂಗಳವಾರ

ಇವತ್ತಿನ ವಿಷಯ ನಮಗೆ ನಿಷಿದ್ಧವಾದ ಹಂದಿಮಾಂಸ! ವಾಂಗೆಲಿಯೋ ಕ್ರಿಸ್ಮಸ್ಸಿಗೆ ಹುರಿಯುತ್ತಿದ್ದ ಹಂದಿಯ ಕೊಬ್ಬನ್ನು ಬಿಸಿ ರೊಟ್ಟಿಗೆ ಸವರಿ ತಿಂದದ್ದನ್ನು ಅಮ್ಮ ಕಣ್ಣು ಮುಚ್ಚಿಕೊಂಡು ಬಣ್ಣಿಸಿದಳು.

"ನೀನು ತಿಂದದ್ದು ಜೀವ ಉಳಿಸಿಕೊಳ್ಳಲಿಕ್ಕೆ. ಹಾಗಂತ ಬರೆಯುತ್ತೇನೆ" ಎಂದೆ.

"ರುಚಿಯಾಗಿತ್ತು ಅಂತ ತಿಂದೆ ಕಣೆ."

"ಅಮ್ಮಾ, ಇದನ್ನು ಸಿನಗಾಗ್‌ನಲ್ಲಿ ಓದಬೇಕು!"

"ಓದು. ಅವರೇನು ನನ್ನ ಹೊಟ್ಟೆಯಿಂದ ವಾಪಸ್ ತೆಗೀತಾರಾ?"

ಅರವತ್ತೆರಡು ವರ್ಷದ ನನ್ನನ್ನು ಹೀಗೆ ಆಡಿಸುವ ಧೈರ್ಯ ಈ ಊರಿನಲ್ಲಿ ಇನ್ನೊಬ್ಬರಿಗಿಲ್ಲ.

ಮಾರ್ಚ್ ೨೧

ಏನೂ ಇಲ್ಲ. ಪ್ರಶ್ನೆ ಕೇಳಿದ ಕೂಡಲೇ ಗೋಡೆಯ ಕಡೆ ತಿರುಗಿ ಮಲಗಿದಳು.

ಮಾರ್ಚ್ ೨೫, ಸೋಮವಾರ

ಸಾಕಾಯಿತು. ಹೊರಗೆ ರಾಷ್ಟ್ರೀಯ ದಿನದ ಮೆರವಣಿಗೆಯ ಬ್ಯಾಂಡು ಬಾರಿಸುತ್ತಿತ್ತು. ನಾನು ಅಡುಗೆಮನೆಯ ಮೇಜಿನ ಮುಂದೆ ಕುಳಿತು ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ನಾನೇ ಬರೆದು ಮುಗಿಸಿದೆ. ಹಿಮ, ಹೆಗಲು, ಕಣ್ಣೀರು, ಅಪ್ಪುಗೆ. ಅಜ್ಜ ಅಂಗಡಿ ನೋಡಿ ಬರುತ್ತೇನೆಂದು ಊರಿಗಿಳಿದು ಜರ್ಮನರಿಗೆ ಸಿಕ್ಕಿಬಿದ್ದದ್ದು, ಸಾವಿನ ಶಿಬಿರದ ರೈಲು ಹತ್ತಿಸಿದ್ದು, ಹಿಂದಿರುಗದೆ ಹೋದದ್ದು. ಒಂದು ಕಡೆಯೂ ಕಾಟು ಹಾಕಬೇಕಾಗಲಿಲ್ಲ.

ಸಂಜೆ ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಕೊನೆಯವರೆಗೆ ಕೇಳಿದಳು.

"ಚೆನ್ನಾಗಿದೆ" ಎಂದಳು. ಒಂದು ಗುಟುಕು ಕಾಫಿ ಕುಡಿದಳು. "ಪಾಪ. ಯಾರ ಮಗು ಅದು?"

ಡಾಕ್ಟರು ಹೇಳಿದ ಆ ಮುಂದಿನ ಸಲ ಬಂದೇಬಿಟ್ಟಿತೇ ಎಂದು ಅವಳ ಬಾಯಿಯ ಕೊನೆ ನೋಡಿದೆ, ಕೈ ಹಿಡಿದು ನೋಡಿದೆ. ಏನೂ ಆಗಿರಲಿಲ್ಲ. ತುಟಿಯಂಚಿನಲ್ಲಿ ನಗುತ್ತಿದ್ದಳು. ಪಕ್ಕದಲ್ಲಿದ್ದ ರೇನಾಳೂ ನಕ್ಕಳು. ನಾನು ಹಾಳೆಗಳನ್ನು ತೆಗೆದುಕೊಂಡು ನನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡೆ. ರಾತ್ರಿ ಊಟಕ್ಕೆ ಅವರೇ ಬಡಿಸಿಕೊಳ್ಳಲಿ.

ಏಪ್ರಿಲ್ ೯, ಮಂಗಳವಾರ

ಪಾಸೋವರ್ ಹಬ್ಬಕ್ಕೆ ಮನೆ ತೊಳೆಯುವ ಕೆಲಸ. ಹುದುಗಿದ ಹಿಟ್ಟಿನ ಒಂದು ಚೂರೂ ಮನೆಯಲ್ಲಿ ಉಳಿಯಬಾರದು. ಸೊಸೆ ಕಪಾಟು ಒರೆಸಿದ ಮೇಲೆ ನಾನು ಇನ್ನೊಮ್ಮೆ ಒರೆಸಿದೆ. ಅವಳು ಮುಖ ಊದಿಸಿಕೊಂಡಳು. ಊದಿಸಿಕೊಳ್ಳಲಿ.

ಅಮ್ಮ ಕಿಟಕಿಯ ಹತ್ತಿರ ಕುಳಿತು, ಮೊಟ್ಟೆಯ ಜೊತೆ ಬೇಯಿಸಲು ಈರುಳ್ಳಿಯ ಕೆಂಪು ಸಿಪ್ಪೆ ಬಿಡಿಸುತ್ತಿದ್ದಳು. ಇದ್ದಕ್ಕಿದ್ದಂತೆ, "ಅದು ಕೊಡೇ. ಅದು. ಕತ್ತರಿಸೋದು" ಎಂದಳು. ಚಾಕು ಅವಳ ಮುಂದೆಯೇ ಇತ್ತು. ಆ ಮಾತು ಮಾತ್ರ ಸಿಗಲಿಲ್ಲ. ಗಾಳಿಯಲ್ಲಿ ಕೈ ಆಡಿಸಿದಳು, ಹುಡುಕಿದಳು, ಸಿಗಲಿಲ್ಲ. ಸಿಪ್ಪೆಗಳನ್ನು ತೊಡೆಯ ಮೇಲೆ ಗುಡ್ಡೆ ಹಾಕಿಕೊಂಡಳು.

"ಚಾಕು ಅಮ್ಮಾ."

"ಗೊತ್ತು" ಎಂದಳು ಸಿಟ್ಟಿನಿಂದ.

ಗೊತ್ತಿರಲಿಲ್ಲ. ಚಾಕು ಹೋಯಿತು. ನಾಳೆ ಇನ್ನೇನು ಹೋಗುತ್ತದೋ. ನಾನು ಬರೆದ ಹಾಳೆಗಳು ಕಪಾಟಿನಲ್ಲಿ ಭದ್ರವಾಗಿವೆ. ಆದರೂ ಕಪಾಟು ಖಾಲಿ ಇದೆ ಅನ್ನಿಸುತ್ತಿದೆ. ದಣಿವು ಇರಬೇಕು.

ಏಪ್ರಿಲ್ ೨೧, ಭಾನುವಾರ, ನಕ್ಷತ್ರ ಕಂಡ ಮೇಲೆ

ಈಗ ಬರೆಯಬಹುದು. ಹಬ್ಬದ ಮೊದಲೆರಡು ದಿನ ಪೆನ್ನು ಮುಟ್ಟುವ ಹಾಗಿಲ್ಲ, ಯಂತ್ರ ಒತ್ತುವ ಹಾಗಿಲ್ಲ. ನನ್ನ ಮನೆಯಲ್ಲಿ ಈ ನಿಯಮವನ್ನು ಯಾರೂ ಮುರಿದದ್ದಿಲ್ಲ. ಅಮ್ಮ ಬಾಯಿ ಬಿಡಲು ಆರಿಸಿಕೊಂಡದ್ದು ಇಡೀ ವರ್ಷದಲ್ಲಿ ಆ ಹೊತ್ತನ್ನೇ! ಎರಡು ದಿನ ತುಂಬಿದ ಕೊಡ ಹೊತ್ತವಳಂತೆ ನಡೆದಿದ್ದೇನೆ. ಯಾರಾದರೂ ಮಾತಾಡಿಸಿದರೆ ಗದರಿದ್ದೇನೆ. ಪಾತ್ರೆ ತೊಳೆಯುವಾಗಲೂ ಅಮ್ಮನ ಮಾತನ್ನು ಬಾಯಿಯೊಳಗೇ ಒಪ್ಪಿಸಿಕೊಂಡಿದ್ದೇನೆ.

ಶುಕ್ರವಾರ ಸಂಜೆ ಮೇಜಿನ ಸುತ್ತ ಎಲ್ಲರೂ ಕುಳಿತಿದ್ದೆವು. ಅಥೆನ್ಸಿನಿಂದ ಅಲ್ಬೇರ್ ಬಂದಿದ್ದ. ಮಗ, ಸೊಸೆ, ರೇನಾ ಇದ್ದರು. ಹುದುಗದ ರೊಟ್ಟಿಯನ್ನು ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ಒಬ್ಬೊಬ್ಬರೂ ಹೆಗಲಿಗೇರಿಸುವುದು ನಮ್ಮವರ ಪದ್ಧತಿ. ಉಳಿದವರು ಪ್ರಶ್ನೆ ಕೇಳಬೇಕು; ಗಂಟು ಹೊತ್ತವರು ಈಜಿಪ್ಟಿನ ಗುಲಾಮಗಿರಿಯಿಂದ ಹೊರಟವರಂತೆ ಉತ್ತರ ಕೊಡಬೇಕು. ಅಲ್ಬೇರ್ ಹೊತ್ತ, ರೇನಾ ಹೊತ್ತಳು. ಅಮ್ಮನ ಸರದಿ ಬಂದಾಗ ಅವಳ ಎಡಗೈ ಸೋತದ್ದರಿಂದ ರೇನಾಳೇ ಗಂಟನ್ನು ಹೆಗಲ ಮೇಲಿಟ್ಟು ಹಿಡಿದುಕೊಂಡಳು.

"ಎಲ್ಲಿಂದ ಬರ್ತಿದೀಯ?" ಎಂದು ಎಲ್ಲರೂ ಕೇಳಿದೆವು.

"ವೋಲೋಸ್‌ನಿಂದ."

ಅಲ್ಬೇರ್ ನಕ್ಕ. "ಈಜಿಪ್ಟಿನಿಂದ ಅನ್ನಮ್ಮಾ."

ನಾನೂ ತಿದ್ದಲೆಂದೇ ಬಾಯಿ ತೆರೆದೆ. ಅಮ್ಮ ನನ್ನನ್ನೇ ನೋಡುತ್ತಿದ್ದಳು. ಯಾಕೋ, ಮುಂದಿನ ಪ್ರಶ್ನೆ ಕೇಳಿಬಿಟ್ಟೆ. "ಎಲ್ಲಿಗೆ ಹೊರಟಿದೀಯ?"

"ಮೇಲಕ್ಕೆ. ಕಸ್ತಾನಿಯಾಕ್ಕೆ."

"ಏನು ಹೊತ್ತಿದೀಯ?"

"ನಾನೇನು ಹೊರಲಿ? ನನ್ನನ್ನೇ ಹೊತ್ತಿದ್ರು. ಸೇಬಿನ ಬುಟ್ಟೀಲಿ."

ರೇನಾಳ ಒಂದು ಕೈ ಗಂಟು ಬಿಟ್ಟು ಚೀಲದ ಕಡೆ ಹೋಯಿತು. ಫೋನು. ನಾನು ಅವಳ ಮಣಿಕಟ್ಟು ಹಿಡಿದೆ.

"ಅಜ್ಜೀ, ಇದು ಮತ್ತೆ ಸಿಗಲ್ಲ!" ಎಂದು ಪಿಸುಗುಟ್ಟಿದಳು.

"ಹಬ್ಬ" ಎಂದೆ. ಕೈ ಬಿಡಲಿಲ್ಲ.

ಅಮ್ಮ ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ, ಇಲ್ಲದಿದ್ದರೆ ಕೈತಪ್ಪಿ ಹೋಗುತ್ತದೆ.

"ಅಪ್ಪ ಬೆಟ್ಟ ಹತ್ತಲೇ ಇಲ್ಲ. ವಾಂಗೆಲಿಯೋ ಗಂಡ ಸ್ಟೆರ್ಗಿಯೋಸ್ ಮಾಮ ನಮ್ಮ ಅಂಗಡೀಲಿ ಬಟ್ಟೆ ತಗೋತಿದ್ದ, ಸೇಬು ಮಾರಿ ಖಾಲಿ ಬುಟ್ಟಿ ಹೇಸರಗತ್ತೆ ಮೇಲೆ ಹಾಕ್ಕೊಂಡು ವಾಪಸ್ ಹೋಗ್ತಿದ್ದ. ಅಂಗಡಿ ಹಿಂಬಾಗಿಲಲ್ಲಿ ಅಪ್ಪ ನನ್ನನ್ನ ಒಂದು ಬುಟ್ಟೀಲಿ ಕೂರಿಸಿ, ಮೇಲೆ ಗೋಣಿ ಹೊದಿಸಿ, 'ನಾಳೆ ಬರ್ತೀನಿ' ಅಂದ. ಇನ್ನೊಂದು ಬುಟ್ಟಿಗೆ ತೂಕ ಸರಿಯಾಗಲಿ ಅಂತ ಉಪ್ಪಿನ ಮೂಟೆ. ಊರಾಚೆ ಜರ್ಮನ್ ಸಿಪಾಯಿ ತಡೆದ. ಹೆದರಿಕೆಗೆ ನಂಗೆ ಉಚ್ಚೆ ಹೋಗಿಬಿಡ್ತು. ಬುಟ್ಟಿಯಿಂದ ತೊಟ್ಟಿಕ್ತಿದೆ! ಸ್ಟೆರ್ಗಿಯೋಸ್ ಮಾಮ ಕತ್ತೆಗೆ ಒಂದೇಟು ಹಾಕಿ, 'ಥೂ ಮುದಿ ಮುಂಡೇದೇ, ಸಾಹೇಬ್ರ ಮುಂದೇನೇ ಬಿಟ್ಯಾ?' ಅಂದ. ಸಿಪಾಯಿ ಮೂಗು ಹಿಡ್ಕೊಂಡು, ನಗ್ತಾ, ಹೋಗು ಹೋಗು ಅಂದ. ನನ್ನ ಜೀವ ಉಳಿಸಿದ್ದು ಅದೇ ನೋಡಿ.

"ವಾಂಗೆಲಿಯೋ ಗೋಣಿ ಎತ್ತಿ ನೋಡಿದ್ಲು. 'ಅಯ್ಯೋ ನನ್ನವ್ವ, ಸೇಬು ಮಾರಕ್ಕೆ ಕಳ್ಸಿದ್ರೆ ಮಗೀನ ತಂದವ್ನೆ ನೋಡು ಇವ್ನು!' ಅಂದ್ಲು. ಅವಳಿಗೆ ಮಕ್ಕಳಿರಲಿಲ್ಲ. ಬಿಸಿನೀರಲ್ಲಿ ತೊಳೆದ್ಲು, ತನ್ನ ಪಕ್ಕ ಮಲಗಿಸ್ಕೊಂಡ್ಲು. ಅವತ್ತಿಂದ ಒಂದು ವರ್ಷ ನಾನು ಅತ್ತಿದ್ದು ನೆನಪಿಲ್ಲ. ಅವಳನ್ನ ಅವ್ವಾ ಅಂತಿದ್ದೆ. ಯಾರೂ ಹೇಳಿಕೊಟ್ಟಿದ್ದಲ್ಲ."

ಅಮ್ಮ ನೀರು ಕುಡಿದಳು.

"ಆಮೇಲೆ ಒಂದು ದಿನ ಯಾರೋ ಬಿಳಿಕೂದಲ ಹೆಂಗಸು ಅಂಗಳಕ್ಕೆ ಬಂದ್ಲು. ಕಡ್ಡಿ ಥರ ಇದ್ಲು. 'ಬಿನೂತಾ' ಅಂತ ಕರೆದ್ಲು. ಹಾಗೆ ಕರೆಯೋರು ಕೆಟ್ಟೋರು ಅಂತ ಕಲಿಸಿದ್ರಲ್ಲ. ನಾನು ಓಡಿಹೋಗಿ, ಆರಿಹೋಗಿದ್ದ, ರೊಟ್ಟಿ ಸುಡೋ ದೊಡ್ಡ ಗೂಡಿನಂಥ ಒಲೆಯೊಳಗೆ ತೂರ್ಕೊಂಡೆ. ಅವಳು ಒಳಗೆ ಕೈ ಹಾಕಿದ್ಲು. ಕಚ್ಚಿದೆ. ಬಾಯೆಲ್ಲ ರಕ್ತ. ಅದು ನಮ್ಮಮ್ಮ."

ಲೂನಾ ಅಜ್ಜಿಯ ಬಲಗೈಯ ಹೆಬ್ಬೆರಳಿನ ಕೆಳಗೆ ಒಂದು ಗುರುತಿತ್ತು. ನಾಯಿ ಕಚ್ಚಿದ್ದು ಎನ್ನುತ್ತಿದ್ದಳು. ನಾನು ಚಿಕ್ಕವಳಿದ್ದಾಗ ಅದನ್ನು ಎಷ್ಟೋ ಸಲ ಸವರಿ ನೋಡಿದ್ದೇನೆ.

"ಅಮ್ಮಾ, ಸಾಕು, ದಣಿದಿದೀಯ" ಎಂದ ಅಲ್ಬೇರ್. ಅವನ ಮುಖ ಕೆಂಪಾಗಿತ್ತು.

"ನೀವು ಪ್ರತಿ ವರ್ಷ ಈಜಿಪ್ಟಿಂದ ಬಿಡುಗಡೆ ಆಯ್ತು ಅಂತ ಹಾಡ್ತೀರ. ನನ್ನನ್ನ ಅವತ್ತು ಈಜಿಪ್ಟಿಗೇ ವಾಪಸ್ ಕರ್ಕೊಂಡು ಬಂದ್ರು. ಮನೇಲಿ ಅಪ್ಪ ಇಲ್ಲ. ಬೀದೀಲಿ ನನ್ನ ಜೊತೆ ಆಡ್ತಿದ್ದ ಒಂದು ಮಗೂನೂ ಇಲ್ಲ. ಅಪ್ಪನಿಗೋಸ್ಕರ ಅಳಬೇಕಿತ್ತು. ನಾನು ವಾಂಗೆಲಿಯೋಗೋಸ್ಕರ ಅತ್ತೆ. ಅಮ್ಮ ನೋಡ್ತಾ ಕೂತಿರೋಳು."

ಗಂಟನ್ನು ಹೆಗಲಿನಿಂದ ತಾನೇ ಇಳಿಸಿ ನನ್ನ ಕೈಗೆ ಕೊಟ್ಟಳು. "ಈಗ ನಿನ್ನ ಸರದಿ."

ನಾನು ಹೊತ್ತೆ. ಎಲ್ಲಿಂದ ಬರ್ತಿದೀಯ ಎಂದು ಅವರು ಕೇಳಿದರು. ಈಜಿಪ್ಟಿನಿಂದ ಎಂದೆ. ಧ್ವನಿ ಸರಿಯಾಗಿ ಬರಲಿಲ್ಲ. ಶೀತ ಆಗಿದೆ.

ಏಪ್ರಿಲ್ ೨೩, ಮಂಗಳವಾರ

ರೇನಾ ಫೋನು ಹಿಡಿದು ಬಂದಳು, ಹಬ್ಬದ ನಡುವಿನ ಈ ದಿನಗಳಲ್ಲಿ ಅಡ್ಡಿಯಿಲ್ಲವೆಂದು. "ನೋನಾ, ಶುಕ್ರವಾರ ಹೇಳಿದ್ದನ್ನ ಇನ್ನೊಂದ್ಸಲ ಹೇಳು."

"ಹೇಳಿಯಾಯ್ತಲ್ಲ."

"ರೆಕಾರ್ಡ್ ಆಗಿಲ್ಲ."

"ನಿಮ್ಮಜ್ಜಿ ಕೇಳಿಸ್ಕೊಂಡಿದಾಳೆ."

ಅಷ್ಟೇ. ನನ್ನ ಕಡೆ ನೋಡಲೂ ಇಲ್ಲ. ಪೆದ್ದ ಹುಡುಗಿಗೆ ಮುನಿಸು: ನಾನು ಕೈ ಹಿಡಿಯದಿದ್ದರೆ ಮುತ್ತಜ್ಜಿಯ ಧ್ವನಿ ಉಳಿಯುತ್ತಿತ್ತಂತೆ. ಇರಬಹುದು. ಹಾಗೆಂದು ಅವಳಿಗೆ ಹೇಳಲಿಲ್ಲ.

ಮಾರ್ಚಿನಲ್ಲಿ ಬರೆದ ಹಾಳೆಗಳನ್ನು ಮತ್ತೆ ಓದಿದೆ. ಭಾಷೆ ಬಹಳ ಕೃತಕ. ಯಾರೋ ಬರೆದು ಕೊಟ್ಟ ಹಾಗಿದೆ. ಒಲೆಗೆ ಹಾಕಿ ಹೊಸದಾಗಿ ಶುರು ಮಾಡಿದೆ. ಕಾಟು ಹಾಕಿ ಹಾಕಿ ಹಾಳೆ ಹರಿಯುತ್ತಿದೆ. ಉಚ್ಚೆ ಎಂಬ ಮಾತಿಗೆ ಮರ್ಯಾದೆಯ ಬದಲಿ ಮಾತೊಂದನ್ನು ಬೆಳಗಿನಿಂದ ಹುಡುಕಿದೆ. ಸಿಗಲಿಲ್ಲ. ಹಾಗೇ ಇರಲಿ.

ಏಪ್ರಿಲ್ ೨೯, ಸೋಮವಾರ

ಬರೆದದ್ದನ್ನು ರೇನಾ ಫೋಟೊ ತೆಗೆದು ಅಲ್ಬೇರ್‌ಗೆ ಕಳಿಸಿದ್ದಳು. ಸಂಜೆ ಅವನ ಫೋನು.

"ಅಕ್ಕಾ, ತಲೆ ಕೆಟ್ಟಿದ್ಯಾ ನಿಂಗೆ? ಊರಿನ ಗಣ್ಯರು ಬರ್ತಾರೆ. ಸಿನಗಾಗ್‌ನಲ್ಲಿ ನಿಂತು ಉಚ್ಚೆ, ಹಂದಿ ಕೊಬ್ಬು ಅಂತ ಓದ್ತೀಯಾ?"

"ನಡೆದದ್ದನ್ನು ಓದುತ್ತೇನೆ."

"ಅದು ಹೋಗ್ಲಿ. ಕಚ್ಚಿದ್ದು ಬೇಡ. ಅಜ್ಜಿ ಅಷ್ಟು ಕಷ್ಟಪಟ್ಟು ಬದುಕಿ ಬಂದ್ರೆ ಹೆತ್ತ ಮಗಳೇ ಕಚ್ಚಿದ್ಲು ಅಂತ ಊರಿಗೆಲ್ಲ ಸಾರ್ಬೇಕಾ? ಅಮ್ಮನ ಮರ್ಯಾದೆ ಏನಾಗ್ಬೇಕು? ಓಡಿಬಂದು ತಬ್ಬಿಕೊಂಡ್ಲು ಅಂತ ಇತ್ತಲ್ಲ, ಅದನ್ನೇ ಓದು."

"ಅದು ಯಾರೋ ಕಟ್ಟಿದ ಕಥೆ."

"ಯಾರೋ ಅಲ್ಲ, ನೀನೇ! ಚಿಕ್ಕಂದಿನಿಂದ ನಂಗೆ ಹೇಳಿ ಹೇಳಿ ಅಳಿಸಿದೋಳು ನೀನೇ!"

ತಮ್ಮನಿಗೂ ವಯಸ್ಸಾಯಿತು, ಹಿಂದಿನದೆಲ್ಲ ತಲೆಕೆಳಗಾಗಿ ನೆನಪಾಗುತ್ತದೆ. ಕಣ್ಣಾರೆ ಕಂಡವರ ಕಥೆಯನ್ನು ಕೇಳಿದ ಹಾಗೆ ಬರೆಯಬೇಕು, ನಮ್ಮದನ್ನು ಸೇರಿಸಬಾರದು ಎಂಬುದು ನನ್ನ ಮೊದಲಿನಿಂದಲೂ ಇರುವ ನಿಲುವು. ಹಾಗೆಂದು ಹೇಳಿ ಫೋನಿಟ್ಟೆ.

ಆದರೂ ಅಮ್ಮನನ್ನು ಕೇಳಬೇಕಲ್ಲ. ಕೋಣೆಗೆ ಹೋಗಿ, "ಕಚ್ಚಿದ್ದನ್ನು ಓದಲೇ, ಬಿಡಲೇ?" ಎಂದೆ.

ಅಮ್ಮನಿಗೆ ಇವತ್ತು ಮಾತು ಕಷ್ಟವಾಗಿತ್ತು. ಬಹಳ ಹೊತ್ತು ತುಟಿ ಆಡಿಸಿದಳು. "ಅದನ್ನ... ಬಿಟ್ಟರೆ... ನಮ್ಮಮ್ಮ ಬಂದೇ ಇಲ್ಲ ಅಂತ ಆಗುತ್ತೆ" ಎಂದಳು.

ಮೇ ೨, ಗುರುವಾರ

ನಿನ್ನೆ ಸಂಜೆ ಓದಿದೆ.

ಕಪ್ಪು ಉಡುಪು ಹಾಕಿಕೊಂಡೆ. ಹಾಲು ಕುಡಿಸಿ ಅಮ್ಮನನ್ನು ಗಾಲಿಕುರ್ಚಿಯಲ್ಲಿ ಕರೆದೊಯ್ದೆವು. ಮೊದಲ ಸಾಲಿನಲ್ಲಿ ಅವಳ ಪಕ್ಕ ಅಲ್ಬೇರ್ ಕೈಕಟ್ಟಿ ಕುಳಿತಿದ್ದ, ನನ್ನ ಮುಖ ನೋಡಲಿಲ್ಲ. ಮೈಕು ಕೆಟ್ಟಿತ್ತು. ಮೈಕಿಲ್ಲದೇ ಓದಿದೆ, ನನ್ನ ಧ್ವನಿಗೆ ಅದು ಬೇಕಾಗಿಲ್ಲ.

ಕತ್ತೆಯ ಜಾಗ ಬಂದಾಗ ಹಿಂದಿನಿಂದ ಯಾರೋ ಮುದುಕ ಕಿಸಕ್ಕೆಂದ. ಸಿಟ್ಟು ಬಂತು, ಕತ್ತೆತ್ತಿದೆ. ನೋಡಿದರೆ ಎಲ್ಲರೂ ನಗುತ್ತಿದ್ದರು, ಅಮ್ಮನೂ. ನಗಲಿ ಎಂದು ಸ್ವಲ್ಪ ಹೊತ್ತು ನಿಂತೆ. ಮುಂದೆ ಅಂಗಳ, ಬಿಳಿಕೂದಲ ಹೆಂಗಸು, ಒಲೆ. 'ಒಳಗೆ ಬಂದ ಕೈಯನ್ನು ಹುಡುಗಿ ಕಚ್ಚಿದಳು' ಎಂದು ಓದಿ ಹಾಳೆ ತಿರುವಲು ನಿಲ್ಲಿಸಿದೆ.

"ತೆಗೀಲಿಲ್ಲ" ಎಂದಳು ಅಮ್ಮ.

ಅಲ್ಬೇರ್ ಅವಳ ಕಡೆ ಬಾಗಿ, "ಶ್, ಅಮ್ಮಾ" ಎಂದ.

"ಸುಮ್ಮನಿರು ಅಲ್ಬೇರ್" ಎಂದೆ. "ಏನು ತೆಗೀಲಿಲ್ಲ ಅಮ್ಮಾ?"

"ಕೈ. ನಮ್ಮಮ್ಮ ಕೈ ಹಿಂದಕ್ಕೆ ತೆಗೀಲಿಲ್ಲ. ನಾನು ಕಚ್ಚೇ ಇದ್ದೆ." ಒಂದೊಂದು ಮಾತನ್ನೂ ಅವಳು ಎಲ್ಲಿಂದಲೋ ಎತ್ತಿ ತರುತ್ತಿದ್ದಳು. ಕಾದೆ. ಎಲ್ಲರೂ ಕಾದರು. "ವಾಂಗೆಲಿಯೋ ಅಳ್ತಾ ಓಡಿ ಬಂದ್ಲು, ನನ್ನ ದವಡೆ ಬಿಡಿಸೋಕೆ. ಅಮ್ಮ ಅವಳಿಗೆ ಹೇಳಿದ್ಲು..."

ನಿಂತುಹೋಯಿತು. ತುಟಿ ಅಲುಗುತ್ತಿದೆ, ಮಾತಿಲ್ಲ. ಬಲಗೈ ಗಾಳಿಯಲ್ಲಿ ಹುಡುಕುತ್ತಿದೆ. ಮುಂದೇನಿರಬಹುದೆಂದು ನನಗೆ ಗೊತ್ತಿರಲಿಲ್ಲ. ಊಹಿಸಿ ಎತ್ತಿಕೊಡಲೂ ಇಲ್ಲ.

"ಏನಂತ ಹೇಳಿದಳಮ್ಮಾ?" ಎಂದು ಕೇಳಿದೆ.

"'ಬಿಡಿ, ಕಚ್ಚಲಿ' ಅಂದ್ಲು. 'ಹಲ್ಲು ಎಷ್ಟು ಗಟ್ಟಿಯಾಗಿದಾವೆ. ನನ್ನ ಮಗೂನ ಚೆನ್ನಾಗಿ ಸಾಕಿದೀರಿ' ಅಂದ್ಲು."

ನನ್ನ ಕೈಯಲ್ಲಿ ಇನ್ನೊಂದು ಹಾಳೆ ಉಳಿದಿತ್ತು, ಧೈರ್ಯ ಮತ್ತು ಮಾನವೀಯತೆಯ ಬಗ್ಗೆ ಮುಕ್ತಾಯದ ಮಾತುಗಳು. ಚೆನ್ನಾಗಿಯೇ ಬರೆದಿದ್ದೆ. ಓದಲಿಲ್ಲ. ಕನ್ನಡಕ ತೆಗೆದು, ಮೆಟ್ಟಿಲಿಳಿದು, ಅಮ್ಮನ ಪಕ್ಕದಿಂದ ಅಲ್ಬೇರ್‌ನನ್ನು ಎಬ್ಬಿಸಿ ಅಲ್ಲಿ ಕುಳಿತೆ.